ಅಂಗಡಿಯಿಂದ ತಂದ ಪಾಲಕ್

ಇವತ್ತು ಬೆಳಿಗ್ಗೆ ಬೇಗೂರಿನ ನಮ್ಮ ಅಪಾರ್ಟ್‌ಮೆಂಟ್ ತೋಟದಲ್ಲಿ ಮಾಲಿ ಕಿತ್ತು ಗುಡ್ಡೆ ಹಾಕಿದ್ದ ಕಳೆಯೊಳಗೆ ತುರಿಕೆ ಸೊಪ್ಪು ಕಂಡಿತು. ತಡೆಯಲಾಗದೆ ಮುಟ್ಟಿದೆ. ಬೆರಳು ಚುರ್ ಅಂದಿತು.

ಲಗ್ಗೆರೆಯ ನಮ್ಮ ಹಿತ್ತಲಲ್ಲಿ, ಫ್ಯಾಕ್ಟರಿ ಕಾಂಪೌಂಡಿನ ಬುಡಕ್ಕೆ ಇದು ದಂಡಿಯಾಗಿ ಬೆಳೀತಿತ್ತು. ಅಜ್ಜಿ ಸೆರಗನ್ನು ಕೈಗೆ ಸುತ್ತಿಕೊಂಡು ಎಳೆ ಕುಡಿಗಳನ್ನಷ್ಟೇ ಚಿವುಟೋಳು. ಆದರೂ ಕೈಮೇಲೆ ಕೆಂಪು ದದ್ದು ಏಳೋದು. "ಬಿಸಿನೀರಿಗೆ ಬಿದ್ರೆ ಅದ್ರ ಪೊಗರು ಇಳೀತದೆ ಕಣವ್ವ" ಅಂತ ನಗುತ್ತಾ ಬೇಳೆ ಜೊತೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಒಗ್ಗರಣೆ ಹಾಕೋಳು.

ಒಂದಿನ ಕ್ಲಾಸಿನ ಗೆಳತಿ ಸ್ಮಿತಾ ಊಟಕ್ಕೆ ಬಂದಳು. ಮುದ್ದೆಯನ್ನು ಸಾರಿಗೆ ಅದ್ದಿ ಬಾಯಿಗಿಟ್ಟು, "ಸಕ್ಕತ್ತಾಗಿದೆ ಕಣೇ, ಯಾವ ಸೊಪ್ಪು?" ಅಂದಳು. ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ನಾನು, "ಪಾಲಕ್, ಅಂಗಡಿಯಿಂದ ತಂದಿದ್ದು" ಅಂದುಬಿಟ್ಟೆ. ಕಳೆ ಗಿಡ ತಿನ್ನೋರು ಅಂತ ಅವಳು ಸ್ಕೂಲಲ್ಲೆಲ್ಲ ಹೇಳಿಬಿಟ್ಟರೆ ಅನ್ನೋ ಭಯ ನನಗೆ. ಅಜ್ಜಿ ನನ್ನ ಮುಖ ನೋಡಿದಳು, ಅಷ್ಟೇ. ಬೈದಿದ್ದರೆ ಮರೆತುಹೋಗ್ತಿತ್ತೇನೋ.

ಮುಂದಿನ ಸಲ ಸ್ಮಿತಾ ಬಂದಾಗ, ಅವಳು ಕೇಳುವ ಮೊದಲೇ ಅಜ್ಜಿ, "ಪಾಲಾಕು ಸಾರು ಕಣವ್ವ, ಅಂಗಡೀದು" ಅಂದಳು. ದದ್ದು ಕಾಣದ ಹಾಗೆ, ಸೌಟು ಹಿಡಿದ ಕೈಗೆ ಸೆರಗು ಹೊದಿಸಿಕೊಂಡಿದ್ದಳು.

"ಮುಟ್ಟಬೇಡಿ ಮೇಡಂ, ತುರಿಸುತ್ತೆ" ಅಂದ ಮಾಲಿ. "ಹಳ್ಳಿ ಕಡೆ ಇದನ್ನ ಸಾರು ಮಾಡ್ಕೊಂಡು ತಿಂತಾರಂತೆ, ಹೌದಾ?"

ಪಕ್ಕದ ಫ್ಲಾಟಿನವರು ಅಲ್ಲೇ ನಿಂತಿದ್ದರು.

"ನಂಗೊತ್ತಿಲ್ಲಪ್ಪ" ಅಂದು, ಉರಿಯುತ್ತಿದ್ದ ಕೈಯನ್ನು ದುಪಟ್ಟಾದೊಳಗೆ ಮುಚ್ಚಿಟ್ಟುಕೊಂಡೆ.