ಅದು ಹಾಡೇ ಅಲ್ಲ ಎಂದಿದ್ದ ನಿರ್ಮಲಾ

ತಿಪಟೂರಿನ ಸುತ್ತಮುತ್ತ ಯಾವ ಆರತಕ್ಷತೆಯಲ್ಲಾದರೂ ಸರಿ, ಮೊದಲ ಪಂಕ್ತಿ ಏಳುವ ಹೊತ್ತಿಗೆ ಯಾರಾದರೊಬ್ಬರು ವೇದಿಕೆಯ ಹತ್ತಿರ ಬಂದು, "ಮೇಡಂ, 'ನಿಲ್ಲೇ ಬಿಸಿಲೇ' ಹಾಡ್ರೀ" ಎಂದು ಕೇಳಿಯೇ ಕೇಳುತ್ತಿದ್ದರು. ನಿರ್ಮಲಾ ನಕ್ಕು ಬೇರೆ ಹಾಡು ಎತ್ತಿಕೊಳ್ಳುತ್ತಿದ್ದಳು. ಆ ನಗುವಿನ ಒಳಗೇನಿದೆ ಎನ್ನುವುದು ಪಕ್ಕದಲ್ಲಿ ನಿಂತು ಕೀಬೋರ್ಡ್ ನುಡಿಸುವ ತಿಮ್ಮರಾಜುಗೆ ಮಾತ್ರ ಗೊತ್ತಿತ್ತು. ಆರ್ಕೆಸ್ಟ್ರಾ ಅವನದೇ. "ಅಕ್ಕಾ, ಹಲ್ಲು ಕಡೀಬ್ಯಾಡಿ, ಮೈಕಲ್ಲಿ ಕೇಳ್ತದೆ" ಎಂದು ಮೆಲ್ಲಗೆ ಹೇಳುತ್ತಿದ್ದ.

ನಿರ್ಮಲಾ ಅರಳಗುಪ್ಪೆಯ ದೊಡ್ಡಣ್ಣನ ಮಗಳು. ಚಿಕ್ಕಂದಿನಲ್ಲಿ ಪ್ರತಿ ಶನಿವಾರ ಬಸ್ಸು ಹತ್ತಿ ತಿಪಟೂರಿಗೆ ಹೋಗಿ ಸಂಗೀತ ಕಲಿತವಳು. ಸೀನಿಯರ್ ಪರೀಕ್ಷೆಯನ್ನೂ ಪಾಸು ಮಾಡಿದವಳು. ಮದುವೆಯಾಗಿ ತಿಪಟೂರಿಗೇ ಬಂದ ಮೇಲೆ ತಿಮ್ಮರಾಜುವಿನ ಆರ್ಕೆಸ್ಟ್ರಾ ಸೇರಿದಳು. ಎಂಥ ಹಾಡು ಕೊಟ್ಟರೂ ಒಂದು ಸ್ವರ ಆಚೆ ಈಚೆ ಹೋಗದಂತೆ ಹಾಡುತ್ತಿದ್ದಳು. ಅವಳಿಗೆ ಇಡೀ ತಾಲ್ಲೂಕಿನಲ್ಲಿ ಹೆಸರಿತ್ತು, ಯಮುನಾ ಬರುವವರೆಗೆ.

ಯಮುನಾ ಹುಳಿಯಾರು ಕಡೆಯ ಒಂದು ಹಟ್ಟಿಯ ಹುಡುಗಿ. ಅಪ್ಪ ಕಾಟಪ್ಪನಿಗೆ ಕುರಿ ಇದ್ದವು. ಕಾಲೇಜಿಗೆಂದು ತಿಪಟೂರಿಗೆ ಬಂದವಳು ಆರ್ಕೆಸ್ಟ್ರಾದಲ್ಲಿ ಕೋರಸ್ ಹಾಡಲು ಸೇರಿಕೊಂಡಳು. ಒರಟು ದನಿ. ಶ್ರುತಿ ಹಿಡಿದು ನಿಲ್ಲುವುದನ್ನು ಅವಳಿಗೆ ಕಲಿಸಿದ್ದೇ ನಿರ್ಮಲಾ. ತನ್ನ ಸೀರೆಗಳನ್ನು ಉಡಿಸಿದಳು, ಹಬ್ಬಕ್ಕೆ ಅರಳಗುಪ್ಪೆಗೂ ಕರೆದುಕೊಂಡು ಹೋದಳು. ಅಲ್ಲಿ ದೊಡ್ಡಣ್ಣ ಆ ಹುಡುಗಿಗೆ ಕೊಬ್ಬರಿ ಅಟ್ಟ ತೋರಿಸಿದ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಕೂತು, ಒಳಗಿನ ನೀರು ಇಂಗಿ, ತಿರುಳು ಒಣಗಿ ಗಿಟುಕಾಗಿ ಚಿಪ್ಪಿನಿಂದ ಬಿಟ್ಟುಕೊಂಡಾಗ ಅಲುಗಿಸಿದರೆ ಗುಡುಗುಡು ಎನ್ನುತ್ತದೆ. ದೊಡ್ಡಣ್ಣ ಒಂದು ಕಾಯಿಯನ್ನು ಅವಳ ಕಿವಿಯ ಹತ್ತಿರ ಹಿಡಿದು ಅಲುಗಿಸಿ, "ಕೇಳಿಸ್ತೇನವ್ವಾ? ಇದು ಆಯ್ತು ಅಂತ ಕಾಯೇ ಹೇಳ್ತದೆ" ಎಂದು ಅದನ್ನು ಅವಳಿಗೇ ಕೊಟ್ಟ. ನಿರ್ಮಲಾ ಆಗ ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದಳು. ಆ ಸದ್ದು ಅವಳಿಗೆ ಹುಟ್ಟಿದಾಗಿನಿಂದ ಕೇಳಿದ್ದು; ಅದರಲ್ಲಿ ಕೇಳುವಂಥದ್ದು ಏನಿದೆ?

ಮುಂದಿನ ವರ್ಷ ಯಮುನಾ ಕಾಲೇಜಿನ ನಾಲ್ಕು ಹುಡುಗರ ಜೊತೆ ಬ್ಯಾಂಡು ಕಟ್ಟಿದಳು. ಒಂದು ಹಾಡು ಮಾಡಿ ಮೊಬೈಲಿನಲ್ಲಿ ತುಂಬಿಕೊಂಡು ಎಲ್ಲರಿಗಿಂತ ಮೊದಲು ನಿರ್ಮಲಾಳ ಮನೆಗೆ ತಂದಳು. ಶುರುವಿನಲ್ಲಿ ಗುಡುಗುಡು, ಒಣಕಾಯಿಯ ಸದ್ದು. ಅದರ ಬೆನ್ನಿಗೇ ಡ್ರಮ್ಮು, ಗರಗಸದ ಹಾಗೆ ಕೊರೆಯುವ ಗಿಟಾರು. ಆಮೇಲೆ ಯಮುನಾಳ ದನಿ:

"ನಿಲ್ಲೇ ಬಿಸಿಲೇ, ಒಂದ್ಗಳಿಗೆ ನಿಲ್ಲೇ
ಕುರಿ ಎಲ್ಲ ಬಂದಾವೆ, ನಾನಿನ್ನೂ ಬಂದಿಲ್ಲ..."

ಹಾಡಿನ ಉದ್ದಕ್ಕೂ ಮೂರೇ ಸ್ವರ. ಕೊನೆಯಲ್ಲಿ ಒಂದು ಕಡೆ ಮಾತ್ರ ದನಿ ಮೇಲಕ್ಕೆ ಹಾರುತ್ತಿತ್ತು. ಅಲ್ಲೂ ಸ್ವರ ಮುಟ್ಟುವ ಮೊದಲೇ ಒಡೆದುಹೋಗುತ್ತಿತ್ತು.

"ಅಲ್ಲಿ ಗಂಟಲು ಒಡೀತಲ್ಲೇ. ಇನ್ನೊಂದ್ಸಲ ಹಾಡು ಆ ಜಾಗಾನ" ಎಂದಳು ನಿರ್ಮಲಾ.

"ಹಂಗೇ ಇರ್ಲಿ ಅಂದ್ರು ಹುಡುಗ್ರು, ಅಕ್ಕಾ."

"ಹುಡುಗ್ರಿಗೇನು ಗೊತ್ತು? ಬೇಜಾರು ಮಾಡ್ಕಬ್ಯಾಡ ಕಣೇ, ಇದು ಹಾಡಲ್ಲ, ಕೂಗಾಟ."

ಯಮುನಾ ಬೇಜಾರು ಮಾಡಿಕೊಳ್ಳಲಿಲ್ಲ. ಹಾಡನ್ನು ಹಾಗೆಯೇ ಹೊರಗೆ ಬಿಟ್ಟಳು. ಅದು ಒಂದು ತಿಂಗಳಲ್ಲಿ ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ, ಮಂಗಳೂರಿನ ಬಸ್ಸಿನಲ್ಲಿ, ಕ್ರಿಕೆಟ್ ಮೈದಾನದಲ್ಲಿ ಕೇಳಿಬರತೊಡಗಿತು. ಗಂಟಲು ಒಡೆಯುವ ಜಾಗ ಬಂದಾಗ ಸಾವಿರಾರು ಜನ ತಮ್ಮ ಗಂಟಲನ್ನೂ ಒಡೆದುಕೊಂಡು ಕೂಗುತ್ತಿದ್ದರು. ಯಮುನಾ ತಿಪಟೂರು ಬಿಟ್ಟಳು.

ಆಮೇಲಿನ ವರ್ಷಗಳು ನಿರ್ಮಲಾಳಿಗೆ ಸುಖವಾಗಿರಲಿಲ್ಲ. ಬೆಳಿಗ್ಗೆ ಹಾಲಿನವನ ಜೇಬಿನಲ್ಲಿ ಅದೇ ಹಾಡು. ಪಕ್ಕದ ಮನೆಯ ಹುಡುಗಿ ಲಿಖಿತಾ ಪಾತ್ರೆ ತೊಳೆಯುವಾಗ ಅದೇ. ಎಲ್ಲಕ್ಕಿಂತ ಹೆಚ್ಚು ಉರಿದದ್ದು ತವರಿನಲ್ಲಿ. ಮಗಳು ಸಂಗೀತದಲ್ಲಿ ಬಹುಮಾನ ತಂದಾಗ "ಸರಿ ಬುಡು" ಎಂದಿದ್ದ ದೊಡ್ಡಣ್ಣ, ಈಗ ಮನೆಗೆ ಬಂದವರನ್ನೆಲ್ಲ ಅಟ್ಟದ ಕೆಳಗೆ ನಿಲ್ಲಿಸಿ, "ಆ ಹಾಡ್ನಲ್ಲಿ ಮೊದ್ಲು ಬರೋದು ನಮ್ಮನೆ ಕಾಯಿ ಕಣ್ರೀ!" ಎಂದು ಎದೆ ಉಬ್ಬಿಸುತ್ತಿದ್ದ.

"ಅಪ್ಪಾ, ಅವಳೇನು ನಿನ್ನ ಕೇಳಿ ಹಾಕಿದ್ಲಾ?"

"ಕೇಳದೇನು, ಕಾಯಿ ಕೊಟ್ಟೋನೇ ನಾನು. ನೀನೂ ಇಲ್ಲೇ ಇದ್ಯಲ್ಲ, ನೀನ್ಯಾಕೆ ಹಾಕ್ಲಿಲ್ಲ?"

ಆ ಮಾತಿಗೆ ಅವಳು ಊಟ ಬಿಟ್ಟು ಎದ್ದಿದ್ದಳು.

ಹಾಡಿಗೆ ಹತ್ತು ವರ್ಷ ತುಂಬಿದಾಗ ತಿಪಟೂರಿನ ಒಂದು ಕಲಾ ಸಂಘದವರು ಸಮಾರಂಭ ಇಟ್ಟುಕೊಂಡರು. 'ಕನ್ನಡದ ರಾಕ್ ಕ್ಲಾಸಿಕ್' ಎಂದು ಊರ ತುಂಬ ಬ್ಯಾನರು ಹಾಕಿದರು. ಯಮುನಾ ಬರುವವಳಿದ್ದಳು. ಅವಳಿಗೆ ಸಂಗೀತ ಹೇಳಿಕೊಟ್ಟವರು ನೀವೇ, ನೀವು ನಾಲ್ಕು ಮಾತಾಡಬೇಕು ಎಂದು ಸಂಘದವರು ನಿರ್ಮಲಾಳ ಮನೆಗೆ ಬಂದು ಕೇಳಿಕೊಂಡರು. ಆಗಲಿ ಎಂದಳು. ಅವರು ಹೋದ ಮೇಲೆ ಗಂಡ ರಂಗನಾಥನ ಮುಂದೆ ಸಿಡಿದಳು.

"ಕ್ಲಾಸಿಕ್ ಅಂತೆ! ಮೂರು ಸ್ವರಕ್ಕೆ ಕ್ಲಾಸಿಕ್ಕು! ಜನ ಕೂಗಿದ್ದೆಲ್ಲ ಕ್ಲಾಸಿಕ್ ಆಗೋದಾದ್ರೆ ಬಸ್‌ಸ್ಟ್ಯಾಂಡ್ ಕಂಡಕ್ಟರ್‌ಗೂ ಬ್ಯಾನರ್ ಕಟ್ಲಿ. ನಾನು ಹೇಳ್ತೀನಿ ಅವತ್ತು. ಎಲ್ಲಾರ ಮುಂದೆ ಹೇಳ್ತೀನಿ."

ರಂಗನಾಥ ಕೊಬ್ಬರಿ ಮಂಡಿಯಲ್ಲಿ ವ್ಯಾಪಾರ ಮಾಡುವವನು, ಮಾತು ಕಡಿಮೆ. "ಹೇಳು. ಆದ್ರೆ ನಿನ್ ಹೊಟ್ಟೆಯುರಿ ಕಾಣ್ದಂಗೆ ಹೇಳು" ಎಂದ.

ಬರೀ ಮಾತಿನಿಂದ ಆಗುವುದಲ್ಲ ಎಂದು ನಿರ್ಮಲಾಳಿಗೆ ಅನ್ನಿಸಿತು. ಅದೇ ಸಾಹಿತ್ಯವನ್ನು ಸಂಗೀತ ಬಲ್ಲವರು ಹಾಡಿದರೆ ಹೇಗಿರುತ್ತದೆಂದು ತೋರಿಸಿಬಿಡಬೇಕು. ಮನೆಯಲ್ಲಿ ಕೂತು ಆ ಸಾಲುಗಳನ್ನು ಶಿವರಂಜಿನಿ ರಾಗಕ್ಕೆ ಕೂರಿಸಿದಳು. ಮುಂದೆ ಚಿಕ್ಕದೊಂದು ಆಲಾಪನೆ, 'ನಿಲ್ಲೇ' ಎನ್ನುವಲ್ಲಿ ಗಮಕ, ಕೊನೆಯಲ್ಲಿ ಮೇಲಿನ ಷಡ್ಜಕ್ಕೆ ಹೋಗಿ ಸೂಜಿ ನೆಟ್ಟ ಹಾಗೆ ನಿಲ್ಲುವುದು. ಚೆನ್ನಾಗಿತ್ತು. ತಿಮ್ಮರಾಜು ಕೂಡ "ಭಾರಿ ಕೆಲ್ಸ ಮಾಡಿದೀರಿ ಅಕ್ಕಾ" ಎಂದು ಒಪ್ಪಿಕೊಂಡ.

ಸಮಾರಂಭಕ್ಕೆ ಮೊದಲು ತುರುವೇಕೆರೆಯಲ್ಲಿ ಒಂದು ಆರತಕ್ಷತೆ ಇತ್ತು. ಎಂದಿನಂತೆ ಕೋರಿಕೆ ಬಂತು. ಹುಡುಗರು, ಹೆಂಗಸರು, ಬಾಳೆಲೆ ಹಾಕುತ್ತಿದ್ದವರು ಕೂಡ ವೇದಿಕೆಯ ಮುಂದೆ ಸೇರಿದರು. ನಿರ್ಮಲಾ ಕಣ್ಣು ಮುಚ್ಚಿ ಶುರು ಮಾಡಿದಳು. ಅವಳ ದನಿ ಅಂದು ಅದ್ಭುತವಾಗಿ ಕೂತಿತ್ತು. ಷಡ್ಜದಲ್ಲಿ ನಿಂತು ಕಣ್ಣು ತೆರೆದಾಗ, ಮುಂದೆ ನಿಂತಿದ್ದವರು ತಂತಮ್ಮ ಕುರ್ಚಿಗೆ ಹೋಗಿ ಕೂತಿದ್ದರು. ಯಾರೂ ಗಲಾಟೆ ಮಾಡಿರಲಿಲ್ಲ. ಮರ್ಯಾದೆಯಿಂದ ಕೇಳುತ್ತಿದ್ದರು. ಮುಗಿದಾಗ ಚಪ್ಪಾಳೆಯನ್ನೂ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮದುವಣಗಿತ್ತಿಯ ಅಜ್ಜಿ, ಸುವರ್ಣಮ್ಮ ಎಂಬಾಕೆ, ಕೈಸನ್ನೆ ಮಾಡಿ ಕರೆದು ಹೇಳಿದಳು: "ಬಲು ಚಂದಾಗಿ ಹಾಡ್ದೆ ಕಣವ್ವ. ಈಗ ಆ ಬಿಸಿಲಿನ ಹಾಡು ಹಾಡು, ಹುಡುಗ್ರು ಕಾಯ್ತಾವೆ."

ನಿರ್ಮಲಾ ಸುಸ್ತಾಗಿದೆ ಎಂದು ಹೇಳಿ ಕೆಳಗಿಳಿದಳು. ತಿಮ್ಮರಾಜು ಮೊಬೈಲಿನಿಂದ ಮೂಲ ಹಾಡನ್ನೇ ಹಾಕಿದ. ಒಣಕಾಯಿ ಗುಡುಗುಡು ಎಂದದ್ದೇ ತಡ, ಕುರ್ಚಿಗಳು ಖಾಲಿಯಾದವು. ಅಜ್ಜಿಯೂ ಎದ್ದು ನಿಂತಳು. ನಿರ್ಮಲಾ ಜನರೇಟರಿನ ಪಕ್ಕ ನಿಂತು, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಆ ಹಾಡನ್ನು ಕೊನೆಯವರೆಗೆ ಕೇಳಿದಳು. ಕುರಿ ಎಲ್ಲ ಹಟ್ಟಿ ಸೇರಿ, ಹುಡುಗಿಯೊಬ್ಬಳೇ ಬಯಲಿನಲ್ಲಿ ಉಳಿದು, ಬಿಸಿಲನ್ನು ಕರೆಯುತ್ತಿದ್ದಾಳೆ. ಅಷ್ಟು ದೂರಕ್ಕೆ ಕೂಗಬೇಕಾದವಳಿಗೆ ಮೂರು ಸ್ವರಕ್ಕಿಂತ ಹೆಚ್ಚು ಎಲ್ಲಿಂದ ಬರಬೇಕು? ಕೊನೆಗೆ ಗಂಟಲು ಒಡೆಯದೆ ಇನ್ನೇನಾದೀತು? ಆ ಜಾಗದಲ್ಲಿ ತಾನು ನೆಟ್ಟ ಷಡ್ಜ ನೆನಪಾಗಿ ಅವಳಿಗೆ ಮೈಯೆಲ್ಲ ಬಿಸಿಯಾಯಿತು.

ಮನೆಗೆ ಬರುವಾಗ, ಅಂದು ಜೊತೆಗೆ ಬಂದು ಹಾಡು ಕೇಳಿದ್ದ ರಂಗನಾಥನನ್ನು ಕೇಳಿದಳು, "ನಾನು ಹಾಡಿದ್ದು ಹೆಂಗಿತ್ತು? ನಿಜ ಹೇಳಿ."

"ಚೆನ್ನಾಗಿತ್ತು" ಎಂದ. ಸ್ವಲ್ಪ ದೂರ ಬೈಕು ಓಡಿಸಿ, "ನೀನು ಹಾಡ್ದಾಗ ನೀನು ಕಾಣಿಸ್ದೆ. ಆ ಹುಡುಗಿ ಕಾಣ್ಲಿಲ್ಲ" ಎಂದ.

ಅಂದಿನಿಂದ ಅವಳ ಸಂಕಟ ಹೆಚ್ಚಾಯಿತು. ಇಷ್ಟು ದಿನ ಹಾಡು ಕೆಟ್ಟದ್ದೆಂದು ನಂಬಿಕೊಂಡು ನೆಮ್ಮದಿಯಿಂದ ಹೊಟ್ಟೆ ಉರಿಸಿಕೊಳ್ಳಬಹುದಿತ್ತು. ಜನಕ್ಕೆ ಬುದ್ಧಿ ಇಲ್ಲ ಎಂದರೆ ಮುಗಿಯುತ್ತಿತ್ತು. ಈಗ ಹಾಗೆ ಹೇಳಲು ಅವಳ ಕಿವಿಯೇ ಒಪ್ಪುತ್ತಿರಲಿಲ್ಲ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ದೊಡ್ಡಣ್ಣ ಹೊಸ ಪಂಚೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದ. ಯಮುನಾ ಜೀನ್ಸ್ ತೊಟ್ಟು, ಕೂದಲು ಕತ್ತರಿಸಿಕೊಂಡು ಬಂದಿದ್ದಳು. ನಿರ್ಮಲಾಳ ಕಾಲು ಮುಟ್ಟಲು ಬಗ್ಗಿದಾಗ ನಿರ್ಮಲಾ ಎರಡು ಹೆಜ್ಜೆ ಹಿಂದೆ ಸರಿದಳು. ಒಬ್ಬರು ಕಾಲೇಜು ಮೇಷ್ಟರು ಹಾಡನ್ನು ಬಹಳ ಹೊತ್ತು ಹೊಗಳಿದರು. ಆಮೇಲೆ ನಿರ್ಮಲಾಳ ಸರದಿ ಬಂತು.

"ಈ ಹಾಡು ಮೊದ್ಲು ಕೇಳಿದೋಳು ನಾನು. ಹಾಡಲ್ಲ ಅಂದೆ" ಎಂದು ಶುರು ಮಾಡಿದಳು. ಸಭೆ ನಕ್ಕಿತು. ಅವಳು ನಗಲಿಲ್ಲ. "ಇದರಲ್ಲಿ ಮೂರೇ ಸ್ವರ. ಇದಕ್ಕಿಂತ ಕಷ್ಟದ ಹಾಡು ನಾನು ದಿನಾ ಹಾಡ್ತೀನಿ. ಹೋದ ವಾರ ಇದನ್ನ ತಿದ್ದಿ, ರಾಗಕ್ಕೆ ಕೂರಿಸಿ, ತುರುವೇಕೆರೇಲಿ ಹಾಡ್ದೆ. ಜನ ಕೂತ್ಕೊಂಡ್ರು. ನಾನು ಹಾಕಿದ್ದೆಲ್ಲ ಹೆಚ್ಚಾಗಿತ್ತು. ತೆಗೀತಾ ಬಂದ್ರೆ ಕೊನೆಗೆ ಉಳ್ದಿದ್ದು ಯಮುನಾ ಹಾಡಿದ್ದೇ. ಕ್ಲಾಸಿಕ್ ಅನ್ನೋ ಪದ ನನಗೆ ಇವತ್ತಿಗೂ ಹಿಡಿಸಲ್ಲ. ಆದ್ರೆ ಬ್ಯಾನರ್‌ನಲ್ಲಿ ಬರೆದಿರೋದು ಸುಳ್ಳಲ್ಲ."

ಇಷ್ಟು ಹೇಳಿ ಕೂತಳು. ಚಪ್ಪಾಳೆ ನಿಲ್ಲಲೇ ಇಲ್ಲ. ಅಧ್ಯಕ್ಷರು ಅವಳದು ದೊಡ್ಡ ಮನಸ್ಸು ಎಂದರು. ಮೇಷ್ಟರು ಗುರುವೆಂದರೆ ಹೀಗಿರಬೇಕು ಎಂದರು. ಆ ಹೊಗಳಿಕೆ ಅವಳಿಗೆ ಹಾಡಿಗಿಂತ ಹೆಚ್ಚು ಚುಚ್ಚಿತು.

ಭಾಷಣಗಳು ಮುಗಿದು ಜನ ಫೋಟೋಗೆ ಮುತ್ತಿಕೊಂಡಿದ್ದಾಗ ಯಮುನಾ ಅವರಿಂದ ಬಿಡಿಸಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.

"ಅಕ್ಕಾ, ಹೇಳೋವಾಗ ಹೊಟ್ಟೆ ಉರೀತಿತ್ತು ಅಲ್ವಾ?"

"ಉರೀತಿತ್ತು. ಈಗ್ಲೂ ಉರೀತೈತೆ."

"ಅದಕ್ಕೇ ನಿನ್ ಮಾತು ನಂಬ್ದೆ ಕಣಕ್ಕಾ. ಆ ಮೇಷ್ಟ್ರು ಹೇಳಿದ್ದು ಒಂದೂ ನಂಬ್ಲಿಲ್ಲ" ಎಂದು ಯಮುನಾ ನಕ್ಕಳು. ಕೊನೆಯಲ್ಲಿ ಇಬ್ಬರೂ ಸೇರಿ ಹಾಡೋಣ ಬಾ ಎಂದಳು. ನಿರ್ಮಲಾ ಒಲ್ಲೆ ಎಂದಳು. ಯಮುನಾ ಒತ್ತಾಯ ಮಾಡಲಿಲ್ಲ.

ಮದುವೆಗಳಲ್ಲಿ ಈಗ ಕೇಳಿದವರಿಗೆ ನಿರ್ಮಲಾ ಆ ಹಾಡನ್ನು ಇದ್ದ ಹಾಗೆಯೇ ಹಾಡುತ್ತಾಳೆ. ಗಂಟಲು ಒಡೆಯುವ ಜಾಗ ಮಾತ್ರ ಅವಳ ಕೈಲಾಗುವುದಿಲ್ಲ. ಎಷ್ಟು ಪ್ರಯತ್ನ ಪಟ್ಟರೂ ದನಿ ಹೋಗಿ ಸ್ವರದ ಮೇಲೆಯೇ ಕೂರುತ್ತದೆ. ಅಲ್ಲಿಗೆ ಬಂದಾಗ ಮೈಕನ್ನು ಜನರ ಕಡೆ ಹಿಡಿಯುತ್ತಾಳೆ, ಅವರು ಒಡೆದುಕೊಳ್ಳುತ್ತಾರೆ.

ಮೊನ್ನೆ ಯಮುನಾಳ ಹೊಸ ಹಾಡು ಬಂತು. ತಿಮ್ಮರಾಜು ಕಳಿಸಿದ್ದನ್ನು ನಿರ್ಮಲಾ ಅಡುಗೆಮನೆಯಲ್ಲಿ ನಿಂತು ಎರಡು ಸಲ ಕೇಳಿದಳು. ಪಿಟೀಲು, ಕೊಳಲು, ಕೋರಸ್, ಎಲ್ಲ ತುಂಬಿಸಿದ್ದರು. ತಕ್ಷಣ ಫೋನು ಮಾಡಿದಳು.

"ಎರಡನೇ ಚರಣ ಜೋಲು ಬಿದ್ದೈತೆ ಕಣೇ."

"ಗೊತ್ತಕ್ಕಾ" ಎಂದಳು ಯಮುನಾ. "ಬ್ಯಾರೆ ಯಾರೂ ಹೇಳ್ಲಿಲ್ಲ."

ಅದನ್ನು ಹೇಗೆ ಸರಿ ಮಾಡಬಹುದೆಂದು ಇಬ್ಬರೂ ಬಹಳ ಹೊತ್ತು ಮಾತಾಡಿದರು. ಫೋನು ಇಟ್ಟ ಮೇಲೆ ನಿರ್ಮಲಾ ಮುದ್ದೆಗೆ ಎಸರಿಟ್ಟಳು. ಬಹಳ ದಿನಗಳಿಂದ ಅರ್ಧ ಮುದ್ದೆಗೇ ಸಾಕು ಎನ್ನುತ್ತಿದ್ದ ಹೆಂಡತಿ ಅಂದು ಎರಡನೆಯದನ್ನೂ ತಟ್ಟೆಗೆ ಹಾಕಿಕೊಂಡದ್ದನ್ನು ಕಂಡು ರಂಗನಾಥ, "ಏನಾಯ್ತೇ ಇವತ್ತು?" ಎಂದು ಕೇಳಿದ.

"ಏನಿಲ್ಲ. ಹೊಸ ಹಾಡು ಅಷ್ಟಕ್ಕಷ್ಟೇ" ಎಂದಳು, ಸಾರು ಬಡಿಸಿಕೊಳ್ಳುತ್ತಾ.