ರಾವೂರಿನ ಶರಣಮ್ಮ ಗುರುತಿಸಿದ ಗೋಡೆ

ಬಂದ ಮೊದಲ ಮಧ್ಯಾಹ್ನವೇ ನನಗೆ ಊಟಕ್ಕೆ ಹಿಂಡಿ ಹಾಕಿದರು. ನಮ್ಮ ಕುಂದಾಪುರದಲ್ಲಿ ಹಿಂಡಿ ತಿನ್ನುವುದು ಹಸು.

‘ಹಚ್ಕೊಂಡು ಉಣ್ರಿ ಮೇಡಂ, ಭಾಳ ರುಚಿ ಅದ’ ಎಂದು ಅಗೆತದ ಕೆಲಸಕ್ಕೆ ಬರುವ ರಾವೂರಿನ ಶರಣಮ್ಮ ರೊಟ್ಟಿಯ ಮೇಲೆ ಸುರಿದದ್ದು ಶೇಂಗಾ ಚಟ್ನಿಪುಡಿ. ಇಲ್ಲಿ ಅದಕ್ಕೇ ಹಿಂಡಿ ಎನ್ನುತ್ತಾರೆ. ಗುಡ್ಡದ ಮೇಲೆ, ಅಗೆತದ ಗುಂಡಿಯ ಪಕ್ಕ ಕುಳಿತು ಮೂರು ರೊಟ್ಟಿ ಮುಗಿಸಿದೆ.

ಚಿತ್ತಾಪುರದ ಕಡೆಯ ಆ ಗುಡ್ಡದ ತುದಿಯಲ್ಲಿ ಬಹಳ ಹಳೆಯ ಕೋಟೆಯೊಂದರ ಉತ್ಖನನ ನಡೆದಿದೆ. ಹೊರಬಂದದ್ದನ್ನೆಲ್ಲ ಅಳೆದು ನಕ್ಷೆ ಬರೆಯುವುದು ನನ್ನ ಕೆಲಸ. ವಾಡಿಯಲ್ಲಿ ಬಾಡಿಗೆ ಮನೆ. ನೆಲ, ಗೋಡೆ, ಸೂರು, ಎಲ್ಲವೂ ಇಲ್ಲಿನ ಬೂದುಬಣ್ಣದ ಹಾಸುಗಲ್ಲು. ಇವರ ಬಾಯಲ್ಲಿ ‘ಪರ್ಸಿ’. ಕೆಂಪು ಮುರಕಲ್ಲು, ಹೆಂಚಿನ ನಡುವೆ ಬೆಳೆದ ನನಗೆ ತಲೆಯ ಮೇಲೆ ಕಲ್ಲಿದೆ ಎಂಬ ಯೋಚನೆಗೇ ಮೊದಲ ವಾರ ನಿದ್ದೆ ಬರಲಿಲ್ಲ. ನನ್ನ ಮಾತು ಕೇಳಿದ ಅಂಗಡಿಯವರು ‘ಯಾವ ಕಡೀದವ್ರು ರಿ?’ ಎನ್ನುತ್ತಿದ್ದರು. ಕನ್ನಡದಲ್ಲೇ ಪರಕೀಯಳಾಗುವುದು ವಿಚಿತ್ರ ಒಂಟಿತನ.

ಮೂರನೆಯ ತಿಂಗಳು ಗುಡ್ಡದ ಪೂರ್ವದ ಅಂಚಿನಲ್ಲಿ ಕಲ್ಲುಗಳ ಸಾಲೊಂದು ಕಂಡಿತು. ಬಂಡೆ ಒಡೆದು ಬಿದ್ದ ಚೂರುಗಳೆಂದು ನಕ್ಷೆಯಲ್ಲಿ ಬರೆದೆ. ಅದನ್ನು ನಂಬಿ, ಕಲ್ಲು ಕಿತ್ತು ಕೆಳಗೆ ಅಗೆಯಲು ಉತ್ಖನನದ ಮುಖ್ಯಸ್ಥರು ಹೇಳಿದರು. ಹಾರೆ ತಂದಾಗ ಶರಣಮ್ಮ ಕಲ್ಲಿನ ಮೇಲೆ ಕೈಯಿಟ್ಟು ಕುಳಿತುಬಿಟ್ಟರು. ಇಪ್ಪತ್ತು ವರ್ಷ ಕಲ್ಲಿನ ಗಣಿಯಲ್ಲಿ ದುಡಿದವರು.

‘ಕೀಳಬ್ಯಾಡ್ರಿ ಸಾಹೇಬ್ರ. ನೆಲದಾಗ ಪರ್ಸಿ ಮಲಗಿರ್ತದ, ಪದರದ ಮ್ಯಾಲ ಪದರ. ಇವು ನಿಂತಾವ. ತಾವೇ ಎದ್ದು ನಿಂದರ್ತಾವೇನು? ಯಾರೋ ನಿಂದರ್ಸ್ಯಾರ.’

ಮುಖ್ಯಸ್ಥರು ನನ್ನತ್ತ ನೋಡಿದರು. ‘ನಾನು ತಪ್ಪು ಬರೆದಿದ್ದೇನೆ ಸರ್’ ಎಂದೆ.

ಹಾರೆ ಬದಿಗಿಟ್ಟು, ಎಂಟು ದಿನ ಕುಂಚದಿಂದ ಮಣ್ಣು ತೆಗೆದೆವು. ಆ ಕಲ್ಲಿನ ಸಾಲು ಗೋಡೆಯೇ ಆಗಿತ್ತು; ಅದರಲ್ಲಿ ಕೋಟೆಯ ಬಾಗಿಲು ಹೊರಬಂತು. ಅದರ ಪಕ್ಕ ಕಾವಲಿನ ಕೋಣೆ.

ಅಧಿಕಾರಿಗಳು ನೋಡಲು ಬಂದ ದಿನ, ವಿವರಿಸುವ ಕೆಲಸವನ್ನು ಮುಖ್ಯಸ್ಥರು ಶರಣಮ್ಮನಿಗೇ ಬಿಟ್ಟರು. ಅವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿಯೇ ಹೇಳಿದರು: ‘ಹೊಸ್ತಲ ಸವದದ ನೋಡ್ರಿ, ಎಷ್ಟು ಮಂದಿ ತುಳದಾರೋ. ಕಟ್ಟಿದವ್ರು ನಮ್ಮಂಗೇ ಕಲ್ಲಿನ ಕೆಲಸದ ಮಂದಿ.’

ಹೊಸ ನಕ್ಷೆಯಲ್ಲಿ ಆ ಗೋಡೆಯ ಪಕ್ಕ ‘ಗುರುತಿಸಿದವರು: ಶರಣಮ್ಮ, ರಾವೂರು’ ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿದೆ. ಅಷ್ಟು ಹೆಮ್ಮೆಯಿಂದ ಯಾವ ಕಾಗದಕ್ಕೂ ನಾನು ಸಹಿ ಮಾಡಿದ್ದಿಲ್ಲ.

ಈಗ ಮಳೆಗಾಲಕ್ಕೆಂದು ಕೆಲಸ ನಿಂತಿದೆ. ಮೊನ್ನೆ ಫೋನಿನಲ್ಲಿ ಅಮ್ಮನಿಗೆ ‘ನಾಳಿ ಹೊಂಟೀನಿ’ ಎಂದುಬಿಟ್ಟೆ. ಅಮ್ಮ ನಕ್ಕು, ‘ಇದೆಂತ ಭಾಷೆ ಮಗಾ?’ ಎಂದರು.

ವಾಡಿ ಸ್ಟೇಷನ್ನಿಗೆ ಕಳಿಸಲು ಬಂದ ಶರಣಮ್ಮ ಕೇಳಿದರು: ‘ತಿರುಗಿ ಊರಿಗೆ ಯಾವಾಗ ಬರ್ತೀರಿ?’

ಊರು ಎಂದರೆ ಅವರಿಗೆ ಇದೇ. ನಾನು ತಿದ್ದಲಿಲ್ಲ.