ಸ್ಟೆನೋ ಅಕ್ಕಾರು ಮತ್ತು ನಾನು ಬಿಟ್ಟ ಸಾಲು

ಹೋದ ವಾರ ನಮ್ಮ ಆಫೀಸಿಗೆ ಇಂಟರ್ನ್‌ಶಿಪ್‌ಗೆಂದು ಬಂದಿರುವ ಹುಡುಗಿ ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆಗೆದಳು. ಗುರೆಳ್ಳು ಹಿಂಡಿಯ, ನಮ್ಮ ಕಡೆಯ ಚಟ್ನಿಪುಡಿಯ, ವಾಸನೆ ಕೋಣೆಯ ತುಂಬ ಹರಡಿತು. ದೆಹಲಿಯಲ್ಲಿ, ಏಳೆಂಟು ದೇಶಗಳ ಸರ್ಕಾರಗಳು ಸೇರಿ ನಡೆಸುವ ಕಚೇರಿಯ ಮೂರನೇ ಮಹಡಿಯಲ್ಲಿ, ಹುರಿದ ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ! ಪಕ್ಕದ ಮೇಜಿನವರು ಎದ್ದು ಕಿಟಕಿ ತೆರೆದರು. ನಾನು ಮಾತ್ರ ಕೈಯಲ್ಲಿದ್ದ ಕಾಗದ ಕೆಳಗಿಟ್ಟೆ. ರಾಯಚೂರಿನ ಆ ಕಚೇರಿ, ಕಬ್ಬಿಣದ ಕಪಾಟುಗಳು, ಅವುಗಳ ನಡುವೆ ದಿನಾ ಒಂದೂವರೆಗೆ ಸರಿಯಾಗಿ ಡಬ್ಬಿ ಬಿಚ್ಚುತ್ತಿದ್ದ ಸ್ಟೆನೋ ಅಕ್ಕಾರು…

ಆಗ ನಾನು ರಾಯಚೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮಾಡುತ್ತಿದ್ದೆ. ಹಿರೇಕೊಟ್ನೆಕಲ್ಲಿನ ಆಚೆ, ಮಾನ್ವಿ ತಾಲೂಕಿನ ಹಳ್ಳಿಯವಳು. ತಲೆಯ ತುಂಬ ವಿದೇಶಾಂಗ ವ್ಯವಹಾರ. ಜಿನೀವಾದಲ್ಲೊಂದು ಇಂಟರ್ನ್‌ಶಿಪ್ ಇದೆಯೆಂದು ಅರ್ಜಿ ತುಂಬಲು ಕುಳಿತವಳು, ಸಂಬಳವಿಲ್ಲ, ವಿಮಾನ, ವಸತಿ, ಊಟ ಎಲ್ಲ ನಿಮ್ಮದೇ ಎಂಬುದನ್ನು ಓದಿ ಕಂಪ್ಯೂಟರ್ ಬಂದ್ ಮಾಡಿದ್ದೆ. ನನ್ನ ಸಪ್ಪೆ ಮುಖ ನೋಡಲಾಗದೆ ನಮ್ಮ ಮೇಷ್ಟ್ರು ಊರಲ್ಲೇ ಒಂದು ಕಡೆ ಹಚ್ಚಿಕೊಟ್ಟರು. ‘ರಾಜತಾಂತ್ರಿಕತೆ ಮತ್ತು ಅಂತರಸರ್ಕಾರಿ ವ್ಯವಹಾರ, ಎರಡು ತಿಂಗಳ ತರಬೇತಿ’ ಎಂದು ಪತ್ರದಲ್ಲಿತ್ತು. ಮಗಳು ಎರಡು ಸರ್ಕಾರಗಳ ನಡುವೆ ಕೂತು ಮಾತಾಡಿಸುತ್ತಾಳಂತೆ ಎಂದು ಅವ್ವ ಓಣಿಯೆಲ್ಲ ಸಾರಿದಳು. ಹೋಗಿ ನೋಡಿದರೆ ಬಾವುಟವೂ ಇಲ್ಲ, ರಾಯಭಾರಿಯೂ ಇಲ್ಲ. ನಮ್ಮ ರಾಜ್ಯಕ್ಕೂ ನದಿಯಾಚೆಯ ರಾಜ್ಯಕ್ಕೂ ಸೇರಿದ ಒಂದು ಕಾಲುವೆ, ಅದರ ನೀರಿನ ಪತ್ರವ್ಯವಹಾರ ನಡೆಸುವ ನಾಲ್ಕು ಜನರ ಕಚೇರಿ.

ಆ ನಾಲ್ವರಲ್ಲಿ ಸ್ಟೆನೋ ಅಕ್ಕಾರು ಒಬ್ಬರು. ದೇವದುರ್ಗದ ಕಡೆಯವರು, ಅವರ ತಾಯಿ-ತಂದೆ ಇಬ್ಬರೂ ಕೂಲಿ ಮಾಡಿ ಓದಿಸಿದ್ದರು. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಜಗಳ ಬಿಡಿಸಬಲ್ಲವರು. ಎರಡೂ ಕಡೆಯವರು ಸಭೆಯಲ್ಲಿ ಮೇಜು ಗುದ್ದುತ್ತಿದ್ದರೆ ಇವರ ಪೆನ್ಸಿಲ್ಲು ತನ್ನ ಪಾಡಿಗೆ ಸರಸರ ಹೋಗುತ್ತಿತ್ತು. ಆ ಕಚೇರಿಯಲ್ಲೊಂದು ರೂಢಿ: ಸಭೆಯ ನಡಾವಳಿಯ ಕರಡನ್ನು ನಮ್ಮ ಸಾಹೇಬರಿಗಿಂತ ಮೊದಲು ಆಚೆಯವರ ಗುಮಾಸ್ತರು ಓದಬೇಕು. ಎರಡೂ ಕಡೆಯ ಚಿಕ್ಕ ಸಹಿ ಬಿದ್ದ ಮೇಲೆಯೇ ದೊಡ್ಡವರ ಸಹಿ. ನನಗೆ ಅದು ವಿಚಿತ್ರವಾಗಿ ಕಂಡು ಕೇಳಿದ್ದೆ.

“ನಮ್ಮ ಮಾತು ನಾವಾ ಬರದ್ರ ಚಂದನಾ ಕಾಣ್ತದ ತಂಗಿ. ಅವ್ರ ಮಾತು ಅವ್ರಿಗಿ ಚಂದ ಕಾಣಬೇಕು, ಅದು ಕೆಲಸ,” ಎಂದು ನಕ್ಕಿದ್ದರು.

ನಾನು ಸೇರಿದ ಐದನೇ ವಾರ ದೊಡ್ಡ ಸಭೆಯಾಯಿತು. ಬೇಸಿಗೆ ಬೆಳೆಗೆ ಕೊನೆಯ ನೀರು ಯಾರಿಗೆ ಯಾವಾಗ ಎಂಬುದೇ ವಿಷಯ. ನಮ್ಮೂರಿನ ಪಾಳಿ ಮೊದಲ ವಾರಕ್ಕೇ ಬಂದಿತ್ತು. ಅಪ್ಪನ ಎರಡೆಕರೆ ಭತ್ತ ತೆನೆ ಹಿರಿಯುತ್ತಿದ್ದ ಹೊತ್ತು, ಕೇಳಿ ನನ್ನ ಎದೆ ಕುಣಿಯಿತು. ಅಷ್ಟರಲ್ಲಿ ಚಹಾ ಬಂತು. ಆ ಗದ್ದಲದಲ್ಲೇ ಆಚೆಯ ಅಧಿಕಾರಿ, ತಮ್ಮ ಒಂದು ಊರಿನ ಕುಡಿಯುವ ನೀರಿನ ಕೆರೆ ಬತ್ತಿದೆ, ಮೊದಲ ಎಂಟು ದಿನ ಅದಕ್ಕೆ ಬಿಡಿ ಎಂದರು. ನಮ್ಮ ಸಾಹೇಬರು ಬಸಿಯಿಂದ ಬಾಯಿ ತೆಗೆದು, ಆಗಲಿ, ಒಪ್ಪಿದೆ ಎಂದರು. ಮುಗಿಯಿತು. ನಮ್ಮೂರು ಎಂಟು ದಿನ ಹಿಂದೆ ಹೋಯಿತು.

ಕರಡು ಬರೆಯುವ ಕೆಲಸ ನನ್ನದು. ಆ ಸಾಲನ್ನು ನಾನು ಬಿಟ್ಟೆ.

ಮರೆತು ಬಿಟ್ಟಿದ್ದಲ್ಲ. ಬೇಕಂತಲೇ ಬಿಟ್ಟೆ. ಆಚೆಯ ಅಧಿಕಾರಿ ವರ್ಗವಾಗಿ ಹೊರಟಿದ್ದರು, ನಮ್ಮವರಿಗೆ ಚಹಾದ ಹೊತ್ತಿನ ಮಾತು ನೆನಪಿರುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಅಕ್ಕಾರು ತಮ್ಮ ಶೀಘ್ರಲಿಪಿಯ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಓದಿದರು. ಒಂದು ಕಡೆ ಬೆರಳು ನಿಂತಿತು.

“ಇಲ್ಲೊಂದು ಮಾತು ಉಳದದಲ್ಲ ತಂಗಿ?”

“ನನಗೇನೂ ಕೇಳಿಸಲಿಲ್ರೀ ಅಕ್ಕಾರ,” ಎಂದೆ. ಧ್ವನಿ ನನಗೇ ಬೇರೆಯವರದೆನಿಸಿತು.

ಅವರು ತಮ್ಮ ಪುಸ್ತಕ ಮುಚ್ಚಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕೆಳಗೆ ತಮ್ಮ ಚಿಕ್ಕ ಸಹಿ ಹಾಕಿ ಲಕೋಟೆಗೆ ಸೇರಿಸಿದರು. “ನಾಳಿ ಮುಂಜಾನಿ ಬಸ್ಸಿಗಿ ಆಚಿ ಗುಮಾಸ್ತರಿಗಿ ನೀನಾ ಒಯ್ದು ಕೊಟ್ಟು ಬಾ,” ಎಂದರು. ಇಪ್ಪತ್ತೇಳು ವರ್ಷ ಎರಡೂ ರಾಜ್ಯದವರು ಓದದೆಯೂ ನಂಬುತ್ತಿದ್ದ ಸಹಿ ಅದು.

ಬಸ್ಸು ದೇವಸುಗೂರು ದಾಟಿ ಸೇತುವೆಗೆ ಬಂತು. ಕೃಷ್ಣೆ ಅಲ್ಲಲ್ಲಿ ಬಂಡೆ ತೋರಿಸುತ್ತ ಮಲಗಿದ್ದಳು. ಲಕೋಟೆ ತೊಡೆಯ ಮೇಲಿತ್ತು, ಅಂಟಿಸಿರಲಿಲ್ಲ. ಮೂರು ಸಲ ತೆಗೆದು ಓದಿದೆ. ನನ್ನ ಸುಳ್ಳಿನ ಕೆಳಗೆ ಅವರ ಸಹಿ. ಅಪ್ಪನ ಭತ್ತವೂ ಕಣ್ಣಮುಂದೆ ಬರುತ್ತಿತ್ತು, ಆಚೆಯ ದಂಡೆಯಲ್ಲಿ ಕೊಡ ಇಟ್ಟುಕೊಂಡು ಟ್ಯಾಂಕರಿಗೆ ಕಾಯುತ್ತಿದ್ದ ಹೆಂಗಸರು ಕಣ್ಣಮುಂದೆಯೇ ಇದ್ದರು. ಇಳಿದು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತೆ. ಅಲ್ಲೇ ಪೆನ್ನು ತೆಗೆದು, ಬಿಟ್ಟ ಸಾಲನ್ನು ಅಂಚಿನಲ್ಲಿ ಬರೆದು, ಪಕ್ಕದಲ್ಲಿ ನನ್ನ ಹೆಸರು ಹಾಕಿದೆ. ಆಚೆಯ ಗುಮಾಸ್ತರು ಅದನ್ನು ಓದಿ, ಏನೂ ಕೇಳದೆ ಸಹಿ ಮಾಡಿದರು.

ತಿರುಗಿ ಬಂದು ಕಾಗದ ಕೊಟ್ಟಾಗ ಅಕ್ಕಾರು ಅಂಚಿನತ್ತ ಒಮ್ಮೆ ನೋಡಿದರು. “ಊಟ ಆತೇನ್ ತಂಗಿ?” ಎಂದರು, ಅಷ್ಟೇ. ನನಗೆ ಅಳು ಬಂತು. ಅವರು ಒಂದು ರೊಟ್ಟಿ ಮುರಿದು ನನ್ನ ಕಡೆ ಸರಿಸಿದರು.

ನಮ್ಮೂರಿಗೆ ನೀರು ಎಂಟು ದಿನ ತಡವಾಗಿ ಬಂತು. ಅಪ್ಪನ ಭತ್ತದಲ್ಲಿ ಅರ್ಧ ಜೊಳ್ಳು. “ಈ ಸಲ ಯಾಕೋ ನೀರು ಹಿಂದ ಬಿತ್ತವ್ವಾ,” ಎಂದು ಅವನು ಅಂದಾಗ ನಾನು ಹೂಂ ಎಂದೆ. ಇವತ್ತಿಗೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಬೈದರೆ ಬೈಯಲಿ.

ತರಬೇತಿ ಮುಗಿದಾಗ ಸಾಹೇಬರು ಸಹಿ ಮಾಡಿದ ಪ್ರಮಾಣಪತ್ರದಲ್ಲಿ ಅಕ್ಕಾರು ಇಂಗ್ಲಿಷಿನಲ್ಲಿ ಬರೆದ ಒಂದು ವಾಕ್ಯವಿತ್ತು: ‘ಕೇಳಿದ್ದನ್ನು ಕೇಳಿದಂತೆ ಬರೆಯುತ್ತಾಳೆ.’ ದೆಹಲಿಯ ಸಂದರ್ಶನದಲ್ಲಿ ನನ್ನ ಅಂಕಪಟ್ಟಿ ಬದಿಗಿಟ್ಟು ಅದೊಂದನ್ನೇ ಎರಡು ಸಲ ಓದಿದರು. ಈ ಕೆಲಸದ ಮೊದಲ ಮೆಟ್ಟಿಲು ಅದು. ನಾನು ಇಂದು ತಿನ್ನುತ್ತಿರುವುದು ಆ ವಾಕ್ಯದ ಅನ್ನ. ಹೀಗೆ ಹೇಳಲು ನನಗೆ ಸಂಕೋಚವಿಲ್ಲ.

ಹೋದ ವರ್ಷ ಅಕ್ಕಾರು ತೀರಿಕೊಂಡರು. ಸುದ್ದಿ ತಿಳಿದು ನಾನು ದೇವದುರ್ಗ ಮುಟ್ಟುವ ಹೊತ್ತಿಗೆ ಮಣ್ಣು ಆಗಿ ಎರಡು ದಿನವಾಗಿತ್ತು. ಅವರ ಮನೆಯ ಕಟ್ಟೆಯ ಮೇಲೆ ನದಿಯಾಚೆಯ ಅದೇ ಗುಮಾಸ್ತರು ಕುಳಿತಿದ್ದರು, ತಲೆ ಪೂರ್ತಿ ನರೆತಿತ್ತು. ನನ್ನ ಗುರುತು ಹಿಡಿದು, ತೆಲುಗು ಬೆರೆತ ಕನ್ನಡದಲ್ಲಿ ಮೆಲ್ಲಗೆ ಹೇಳಿದರು:

“ಆ ದಿನ ನೀವು ಬರೂದ್ರೊಳಗ ಅಕ್ಕಗಾರು ಫೋನ್ ಮಾಡಿದ್ರು ಅಮ್ಮಾ. ನಮ್ಮ ಹುಡುಗಿ ಬರಾಕತ್ತಾಳ, ಒಂದು ಸಾಲು ಕಡಿಮಿ ಅದ, ದಾರ‍್ಯಾಗ ಬರೀತಾಳ ಅಂದ್ರು. ಬರೀಲಿಲ್ಲಂದ್ರ ಅಂತ ಕೇಳಿದೆ. ಬರೀಲಿಲ್ಲಂದ್ರ ತಪ್ಪು ನಂದು ಅಂತ ನಾನು ಬರದು ಕೊಡ್ತೀನಿ, ಹುಡುಗಿ ಹೆಸರು ಎತ್ತಬ್ಯಾಡ್ರಿ ಅಂದ್ರು.”

ನಾನು ಅಲ್ಲಿಂದ ಬಸ್ಸಿನ ದಾರಿ ಹಿಡಿದೆ.

ಈಗ ನನ್ನ ಮೇಜಿನ ಮೇಲೆ ಐದು ದೇಶಗಳ ಸಭೆಯೊಂದರ ಕರಡು ಬಿದ್ದಿದೆ. ನಾಳೆ ಬೆಳಿಗ್ಗೆ ಅದು ನಮ್ಮವರಿಗಿಂತ ಮೊದಲು ಎದುರಿನವರಿಗೆ ಹೋಗುತ್ತದೆ. ಇಲ್ಲಿಯ ರೂಢಿ ಬೇರೆಯಿತ್ತು, ಜಗಳವಾಡಿ ನಾನೇ ತಂದದ್ದು. ಅಕ್ಕಾರಿಗೆ ಇದನ್ನು ಹೇಳಬೇಕಿತ್ತು. ಅದಕ್ಕೂ ಮೊದಲು ಇನ್ನೊಂದು ಮಾತು ಹೇಳಬೇಕಿತ್ತು. ಆ ಬೇಸಿಗೆಯ ನಂತರ ಎಷ್ಟೋ ಸಲ ಅವರ ಮನೆಗೆ ಹೋದೆ, ಎಷ್ಟೋ ಸಲ ಫೋನಿನಲ್ಲಿ ತಾಸುಗಟ್ಟಲೆ ಮಾತಾಡಿದೆ. ‘ಅಕ್ಕಾರ, ಅವತ್ತು ನನಗ ಕೇಳಿಸಿತ್ರೀ’ ಎಂದು ಮಾತ್ರ ಒಂದು ಸಲವೂ ಹೇಳಲಿಲ್ಲ.